ಹಳೆಯ ಬೇಸ್ ಗಿಟಾರ್‌ನ ಪಿಕ್‌ಗಾರ್ಡ್: ಬಿರುಕು ಬೀಳುವ ಮೊದಲೇ ಮಾಡಬೇಕಾದದ್ದು

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗಳನ್ನು ಕುರಿತು ಬಂದ ಪತ್ರಗಳಲ್ಲಿ ಪಿಕ್‌ಗಾರ್ಡ್‌ಗೆ ಸಂಬಂಧಿಸಿದವನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ತಂತಿಗಳ ಕೆಳಗೆ, ಬಾಡಿಯ ಮೇಲೆ ಸ್ಕ್ರೂಗಳಿಂದ ಕೂರಿಸಿರುವ ಈ ತೆಳುವಾದ ಹಲಗೆ ಮರವನ್ನು ಗೀರುಗಳಿಂದ ಕಾಪಾಡುವುದಕ್ಕೆಂದೇ ಇರುವುದರಿಂದ, ಅದನ್ನೇ ಕಾಪಾಡಬೇಕಾಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಆದರೆ ಐವತ್ತು ಅರವತ್ತು ವರ್ಷ ದಾಟಿದ ವಾದ್ಯದಲ್ಲಿ ಮೊದಲು ಕೈಕೊಡುವ ಭಾಗಗಳಲ್ಲಿ ಪಿಕ್‌ಗಾರ್ಡ್ ಒಂದು. ಅದನ್ನು ಕೆಡಿಸುವುದು ನುಡಿಸುವವರ ಬೆರಳಿಗಿಂತ ಹೆಚ್ಚಾಗಿ ಬಿಗಿಯಾದ ಸ್ಕ್ರೂ, ಮುಚ್ಚಿಟ್ಟ ಪೆಟ್ಟಿಗೆ ಮತ್ತು ಅವಸರದ ರಿಪೇರಿ.

ಪ್ರಶ್ನೆ: ನಮ್ಮ ದೊಡ್ಡಪ್ಪನವರು ಅಮೆರಿಕದಲ್ಲಿದ್ದಾಗ ಕೊಂಡಿದ್ದ 1962ರ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಈಗ ನನ್ನ ಬಳಿ ಇದೆ. ಆಮೆ ಚಿಪ್ಪಿನ ಬಣ್ಣದ ಅದರ ಪಿಕ್‌ಗಾರ್ಡ್ ನೆಕ್‌ನ (ಎಡಗೈ ಬೆರಳು ತಂತಿ ಒತ್ತುವ ಉದ್ದನೆಯ ಭಾಗದ) ಪಕ್ಕದಲ್ಲಿ ಮೇಲೆದ್ದಿದೆ. ತುದಿಯ ಎರಡು ಸ್ಕ್ರೂಗಳು ಒಳಮುಖವಾಗಿ ವಾಲಿಕೊಂಡಿವೆ. ಬಿಗಿ ಮಾಡಿದರೆ ಸರಿಹೋಗುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ದಯವಿಟ್ಟು ಬಿಗಿ ಮಾಡಬೇಡಿ. ಆ ಸ್ಕ್ರೂಗಳು ಸಡಿಲವಾಗಿ ವಾಲಿದ್ದಲ್ಲ, ಪಿಕ್‌ಗಾರ್ಡ್ ಕುಗ್ಗುತ್ತಾ ಅವುಗಳನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಈಗ ಬಿಗಿ ಮಾಡಿದರೆ ಎಳೆತ ಹೆಚ್ಚಿ, ಹಲಗೆ ಅತ್ಯಂತ ತೆಳುವಾಗಿರುವ ಜಾಗದಲ್ಲಿ ಸೀಳುತ್ತದೆ.

ಕುಗ್ಗುವುದೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಉಪಾಯವೆಲ್ಲ ಆ ಕಾರಣದಲ್ಲಿದೆ. ಪ್ರಿಸಿಷನ್ ಬೇಸ್ 1951ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಪಿಕ್‌ಗಾರ್ಡ್ ಕಪ್ಪು ಬಣ್ಣದ್ದಾಗಿತ್ತು. 1954ರಲ್ಲಿ ಬಿಳಿಯದು ಬಂತು. 1957ರ ಹೊಸ ವಿನ್ಯಾಸದಲ್ಲಿ ಚಿನ್ನದ ಬಣ್ಣದ ಅಲ್ಯೂಮಿನಿಯಂ ತಗಡು ಬಂದು, 1959ರಲ್ಲಿ ಅದರ ಜಾಗಕ್ಕೆ ನಿಮ್ಮಲ್ಲಿರುವಂತಹ ಆಮೆ ಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ ಬಂತು. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರ ಆಸುಪಾಸಿನಲ್ಲಿ ಬಳಕೆಗೆ ತಂದ ಈ ಪ್ಲಾಸ್ಟಿಕ್‌ನಲ್ಲಿ ಎರಡು ಮುಖ್ಯ ವಸ್ತುಗಳಿವೆ. ಒಂದು, ಹತ್ತಿಯಂತಹ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸ್. ಇನ್ನೊಂದು, ಅದಕ್ಕೆ ಬಾಗುವ ಗುಣ ಕೊಡುವ ಕರ್ಪೂರ. ದೇವರ ಮನೆಯ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಕರ್ಪೂರದ ಬಿಲ್ಲೆ ದಿನದಿಂದ ದಿನಕ್ಕೆ ಸಣ್ಣದಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಪಿಕ್‌ಗಾರ್ಡ್‌ನ ಒಳಗಿರುವ ಕರ್ಪೂರವೂ ಇದೇ ರೀತಿ, ಆದರೆ ದಶಕಗಳ ನಿಧಾನಗತಿಯಲ್ಲಿ, ಹೊರಗೆ ಹೋಗುತ್ತಿರುತ್ತದೆ. ಅದು ಹೋದಷ್ಟೂ ಹಲಗೆ ಕುಗ್ಗುತ್ತದೆ ಮತ್ತು ಪೆಡಸಾಗುತ್ತದೆ. ಕೆಳಗಿನ ಮರ ಕುಗ್ಗದೆ ಸ್ಕ್ರೂಗಳನ್ನು ಮೊದಲಿನ ಜಾಗದಲ್ಲೇ ಹಿಡಿದುಕೊಂಡಿರುವುದರಿಂದ, ಒಂದೆರಡು ಮಿಲಿಮೀಟರ್ ಕುಗ್ಗಿದರೂ ಇಡೀ ಹಲಗೆ ಬಿಗಿಯಾಗಿ ಎಳೆದು ಕಟ್ಟಿದ ಸ್ಥಿತಿಗೆ ಬರುತ್ತದೆ.

ಎಳೆತ ಎಲ್ಲಿ ಹೊಡೆಯುತ್ತದೆ ಎಂಬುದನ್ನು ನಿಮ್ಮ ಬೇಸ್‌ನಲ್ಲೇ ನೋಡಬಹುದು. ನೆಕ್ ಕೂರುವುದಕ್ಕಾಗಿ ಪಿಕ್‌ಗಾರ್ಡ್‌ನಲ್ಲಿ ಕತ್ತರಿಸಿರುವ ಚೌಕದ ಒಳಮೂಲೆಗಳು, ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳ) ಸುತ್ತಲಿನ ಕಿರಿದಾದ ಪಟ್ಟಿ, ಅಂಚಿಗೆ ತೀರ ಹತ್ತಿರವಿರುವ ಸ್ಕ್ರೂ ತೂತುಗಳು: ಬಿರುಕು ಶುರುವಾಗುವುದು ಸಾಮಾನ್ಯವಾಗಿ ಇಲ್ಲಿಂದಲೇ. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಪೂರ್ತಿ ಸೀಳುವ ಮೊದಲೇ ಕೂದಲೆಳೆಯಂತಹ ಗೆರೆ ಕಾಣುತ್ತದೆ. ಕುಗ್ಗಿದ ಗಾರ್ಡ್ ಎರಡು ತುಂಡಿನ ಪಿಕಪ್‌ನ ಮುಚ್ಚಳಗಳನ್ನು ಅಮುಕಿ ಹಿಡಿದಿರುವುದೂ ಉಂಟು. ಅಂತಹ ಕಡೆ ಪಿಕಪ್‌ನ ಎತ್ತರ ಬದಲಿಸಲು ಹೋದರೂ ಗಾರ್ಡ್‌ಗೆ ಪೆಟ್ಟು ಬೀಳುತ್ತದೆ.

ಆದ್ದರಿಂದ ಮೊದಲ ಕೆಲಸ ಎಳೆತವನ್ನು ಇಳಿಸುವುದು. ತಂತಿಗಳನ್ನು ಸಡಿಲಿಸಿ, ಬೇಸ್‌ಅನ್ನು ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಮಲಗಿಸಿ, ಸ್ಕ್ರೂ ತಲೆಯ ಸೀಳಿನಲ್ಲಿ ಅಲುಗಾಡದೆ ಕೂರುವ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಎಲ್ಲ ಸ್ಕ್ರೂಗಳನ್ನೂ ಮೊದಲು ಅರ್ಧ ಸುತ್ತು ಮಾತ್ರ ಸಡಿಲಿಸಿರಿ, ಆಮೇಲೆ ಪೂರ್ತಿ ಬಿಚ್ಚಿರಿ. ಒಂದು ಬದಿಯವನ್ನೆಲ್ಲ ಒಮ್ಮೆಗೇ ತೆಗೆದರೆ ಇಡೀ ಎಳೆತ ಉಳಿದ ಬದಿಯ ಮೇಲೆ ಬೀಳುತ್ತದೆ. ನಿಮ್ಮ ಗಾರ್ಡ್‌ನಲ್ಲಿ 13 ಸ್ಕ್ರೂಗಳಿರುತ್ತವೆ. ಒಂದು ರಟ್ಟಿನ ಮೇಲೆ ಗಾರ್ಡ್‌ನ ಆಕಾರ ಬರೆದು, ಯಾವ ತೂತಿನ ಸ್ಕ್ರೂ ಅದೋ ಅಲ್ಲಿಯೇ ಚುಚ್ಚಿ ನಿಲ್ಲಿಸಿದರೆ ಅದಲುಬದಲಾಗುವುದಿಲ್ಲ. ಪ್ರಿಸಿಷನ್ ಬೇಸ್‌ನಲ್ಲಿ ವಾಲ್ಯೂಮ್, ಟೋನ್ ಮತ್ತು ಕೇಬಲ್ ಜಾಕ್ ಮೂರೂ ಪಿಕ್‌ಗಾರ್ಡ್‌ಗೇ ಕೂತಿರುತ್ತವೆ, ವೈರುಗಳು ಅದರ ಬೆನ್ನಿಗೆ ಅಂಟಿಕೊಂಡಿರುತ್ತವೆ; ಆದ್ದರಿಂದ ಬಿಚ್ಚಿದ ಮೇಲೆ ಹಲಗೆಯನ್ನು ಎತ್ತಿ ಆಚೆ ಇಡಲು ಹೋಗದೆ ಮೆಲ್ಲಗೆ ಮಗುಚಬೇಕು.

ಮತ್ತೆ ಕೂರಿಸುವಾಗ ತೂತುಗಳು ಸರಿಯಾಗಿ ಕೂಡುವ ಕಡೆ ಮಾತ್ರ ಸ್ಕ್ರೂ ಹಾಕಿರಿ. ಮಧ್ಯಭಾಗದವು ಸಾಮಾನ್ಯವಾಗಿ ಕೂಡುತ್ತವೆ, ತುದಿಗಳವು ಕೂಡುವುದಿಲ್ಲ. ಕೂಡದಿರುವವನ್ನು ಬಿಟ್ಟುಬಿಡಿ, ಆ ಸ್ಕ್ರೂಗಳನ್ನು ಚೀಟಿ ಬರೆದು ಕೇಸ್‌ನಲ್ಲಿ ಇಟ್ಟುಕೊಳ್ಳಿ. ಮರದಲ್ಲಿ ಹೊಸ ತೂತು ಕೊರೆಯುವುದು ಬೇಡವೇ ಬೇಡ. ಗಾರ್ಡ್‌ನ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡುವುದೂ ಬೇಡ. ಪ್ರತಿ ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಹಿಮ್ಮುಖವಾಗಿ ತಿರುಗಿಸಿರಿ. ಹಳೆಯ ಮರೆಗೆ (ಸ್ಕ್ರೂ ಮರದಲ್ಲಿ ಕೊರೆದಿರುವ ಸುರುಳಿ ಗೆರೆಗೆ) ಬಂದಾಗ ಅದು ಟಕ್ ಎಂದು ಸಣ್ಣಗೆ ಕೆಳಗಿಳಿಯುತ್ತದೆ. ಅಲ್ಲಿಂದ ಮುಮ್ಮುಖವಾಗಿ ತಿರುಗಿಸಿದರೆ ಮರದಲ್ಲಿ ಹೊಸ ಮರೆ ಕೊರೆಯದೆ ಸಲೀಸಾಗಿ ಹೋಗುತ್ತದೆ. ಸ್ಕ್ರೂವಿನ ತಲೆ ಗಾರ್ಡ್‌ನ ಗುಳಿಯಲ್ಲಿ ಕೂತ ಕ್ಷಣವೇ ಕೈ ನಿಲ್ಲಿಸಬೇಕು. ಈ ಸ್ಕ್ರೂಗಳ ತಲೆಯ ಕೆಳಭಾಗ ಇಳಿಜಾರಾಗಿರುವುದರಿಂದ, ಇನ್ನೊಂದು ಕಾಲು ಸುತ್ತು ಹೆಚ್ಚು ತಿರುಗಿಸಿದರೂ ಅದು ಬೆಣೆಯಾಗಿ ಒಳಹೊಕ್ಕು ಪ್ಲಾಸ್ಟಿಕ್‌ಅನ್ನು ಸೀಳುತ್ತದೆ. ಬ್ಯಾಟರಿಯ ಸ್ಕ್ರೂಡ್ರೈವರ್‌ಗೆ ಇಲ್ಲಿ ಕೆಲಸವಿಲ್ಲ.

ಕುಗ್ಗುವುದನ್ನು ಪೂರ್ತಿ ನಿಲ್ಲಿಸಲು ಬರುವುದಿಲ್ಲ, ನಿಧಾನಗೊಳಿಸಬಹುದು. ಬಿಸಿಲು ಮತ್ತು ಶಾಖ ಕರ್ಪೂರವನ್ನು ಬೇಗ ಓಡಿಸುತ್ತವೆ. ಕಾರಿನ ಡಿಕ್ಕಿಯಲ್ಲಿ, ಕಿಟಕಿಯ ಪಕ್ಕದ ಗೋಡೆಯಲ್ಲಿ, ಸ್ಟೇಜ್ ಲೈಟ್‌ಗಳ ಕೆಳಗೆ ಗಂಟೆಗಟ್ಟಲೆ ಇಡಬೇಡಿ. ಇನ್ನೊಂದು ಎಚ್ಚರಿಕೆಯ ಮಾತು: ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಕಾಯಿಸಿದ ಸೂಜಿ ಚುಚ್ಚಿ ನೋಡುವ ಪದ್ಧತಿಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಬೆನ್ನಿನ ಒಂದು ಮೂಲೆಯನ್ನು ಬಟ್ಟೆಯಿಂದ ಚುರುಕಾಗಿ ಉಜ್ಜಿ ಮೂಸಿದರೆ ಸಾಕು, ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ವೈರು ಬೆಸೆಯಲು ಕೊಟ್ಟಾಗಲೂ ಈ ವಿಷಯವನ್ನು ರಿಪೇರಿಯವರಿಗೆ ಮೊದಲೇ ಹೇಳಿರಿ, ಬೆಸುಗೆ ಕಡ್ಡಿಯ ತುದಿ ಗಾರ್ಡ್‌ಗೆ ತಾಗದಂತೆ ಅವರು ಎಚ್ಚರ ವಹಿಸಲಿ.

ಪ್ರಶ್ನೆ: ನಮ್ಮ ಚರ್ಚ್‌ನ ಬ್ಯಾಂಡ್‌ನಲ್ಲಿ 1960ರ ದಶಕದ ಆರಂಭದ ಫೆಂಡರ್ ಜಾಝ್ ಬೇಸ್ ಒಂದಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ನುಸಿಗುಳಿಗೆ ಹಾಕಿ ಕೇಸ್ ಮುಚ್ಚಿಡುತ್ತೇವೆ. ಈ ಬಾರಿ ತೆಗೆದಾಗ ಪಿಕ್‌ಗಾರ್ಡ್‌ನ ಸ್ಕ್ರೂಗಳಿಗೆ ತುಕ್ಕು ಹಿಡಿದಿದೆ, ಹತ್ತಿರದ ಲೋಹದ ಭಾಗಗಳಲ್ಲಿ ಹಸಿರು ಕಿಲುಬು ಕಾಣುತ್ತಿದೆ. (ಮಂಗಳೂರಿನ ಓದುಗರು)

ಉತ್ತರ: ಕರಾವಳಿಯ ತೇವ ಒಂದು ಕಾರಣ, ಮುಚ್ಚಿದ ಕೇಸ್ ಇನ್ನೊಂದು. ಸೆಲ್ಯುಲಾಯ್ಡ್ ಹಳತಾದಂತೆ ಕರ್ಪೂರವನ್ನು ಕಳೆದುಕೊಳ್ಳುವುದರ ಜೊತೆಗೆ ನೈಟ್ರೋಜನ್‌ನ ಆಕ್ಸೈಡ್‌ಗಳನ್ನೂ ಬಿಡುತ್ತದೆ. ಅವು ಗಾಳಿಯ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತವೆ. ಆ ಆಮ್ಲ ಲೋಹವನ್ನು ತಿನ್ನುತ್ತದೆ, ಹಾಗೆಯೇ ಸೆಲ್ಯುಲಾಯ್ಡ್‌ನ ಕೆಡುವಿಕೆಯನ್ನೂ ಚುರುಕುಗೊಳಿಸುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಈ ಆವಿ ಹೊರಹೋಗಲಾರದೆ ಅಲ್ಲಿಯೇ ಸುತ್ತುತ್ತಿರುವುದರಿಂದ, ಕಾಪಾಡಲೆಂದು ಮುಚ್ಚಿಟ್ಟದ್ದೇ ಹಾನಿಗೆ ದಾರಿಯಾಗುತ್ತದೆ. ಆರಂಭದ ವರ್ಷಗಳ ಸೆಲ್ಯುಲಾಯ್ಡ್ ಗಾರ್ಡ್ ಇರುವ ಬೇಸ್‌ಗಳ ಮಾಲೀಕರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೇಸ್‌ನಲ್ಲಿ ತಿಂಗಳುಗಟ್ಟಲೆ ಇಡಬೇಡಿ.

ವಾದ್ಯವನ್ನು ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದಂತೆ, ನೇರ ಬೆಳಕು ಬೀಳದ ಕಡೆ ಇಡಿ. ಕೋಣೆಯ ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಮರಕ್ಕೂ ಗಾರ್ಡ್‌ಗೂ ಹಿತ. ಮಂಗಳೂರಿನ ಆಷಾಢದಲ್ಲಿ ತೇವ ತೆಗೆಯುವ ಯಂತ್ರವಿಲ್ಲದೆ ಇದು ಸಾಧ್ಯವಾಗದು. ಚರ್ಚ್‌ನಲ್ಲಿ ಆರ್ಗನ್, ಪಿಯಾನೊ ಮೊದಲಾದವಿದ್ದರೆ ಅವುಗಳಿಗೂ ಅದೇ ಯಂತ್ರ ಉಪಯೋಗಕ್ಕೆ ಬರುವುದರಿಂದ ಖರ್ಚು ಸಾರ್ಥಕ. ಕೇಸ್‌ನಲ್ಲೇ ಇಡಬೇಕಾಗಿ ಬಂದರೆ ಸಿಲಿಕಾ ಜೆಲ್ ಚೀಲಗಳನ್ನೂ ಆಮ್ಲದ ಆವಿಯನ್ನು ಹೀರಿಕೊಳ್ಳುವ ಸಕ್ರಿಯ ಇದ್ದಿಲಿನ ಪೊಟ್ಟಣವನ್ನೂ ಇಟ್ಟು, ವಾರಕ್ಕೊಮ್ಮೆಯಾದರೂ ತೆರೆದು ಗಾಳಿಯಾಡಿಸಿರಿ. ನುಸಿಗುಳಿಗೆಯನ್ನು ಇಂದೇ ತೆಗೆಯಿರಿ, ಅದರ ಆವಿ ಹಲವು ಬಗೆಯ ಪ್ಲಾಸ್ಟಿಕ್ ಮತ್ತು ವಾರ್ನಿಷ್‌ಗಳನ್ನು ಮೆತ್ತಗಾಗಿಸುತ್ತದೆ.

ಹಸಿರು ಕಿಲುಬು ಕಂಡ ಮೇಲೆ ಗಾರ್ಡ್‌ಅನ್ನು ಒಮ್ಮೆ ಬಿಚ್ಚಿ ಬೆನ್ನನ್ನು ನೋಡಲೇಬೇಕು. ಮೇಲ್ಮೈ ಅಂಟಂಟಾಗಿದ್ದರೆ, ಕಂದು ಬಣ್ಣದ ಹನಿಗಳು ಒಸರಿದ್ದರೆ, ಒಳಗೆ ಜಾಲರಿಯಂತೆ ಬಿರುಕುಗಳು ಹಬ್ಬಿದ್ದರೆ, ಮೂಗಿಗೆ ಚುರುಗುಟ್ಟುವ ವಾಸನೆ ಬಂದರೆ, ಅದು ಕೊನೆಯ ಹಂತ ತಲುಪಿದೆ. ಅಂತಹ ಗಾರ್ಡ್‌ಅನ್ನು ಬೇಸ್‌ನ ಮೇಲಾಗಲಿ ಅದೇ ಕೇಸ್‌ನಲ್ಲಾಗಲಿ ಬಿಡಬೇಡಿ, ಪಿಕಪ್‌ಗಳೂ ಕೆಡುತ್ತವೆ.

ಪ್ರಶ್ನೆ: ನಾನು ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು, ಬೆರಳಿನಿಂದ ಎಳೆದು ಬಿಡುವ ಶೈಲಿ) ಮತ್ತು ಪಿಕ್ (ಬೆರಳಲ್ಲಿ ಹಿಡಿದು ತಂತಿ ಮೀಟುವ ಚಪ್ಪಟೆ ಬಿಲ್ಲೆ) ಎರಡೂ ನುಡಿಸುತ್ತೇನೆ. ಗೀರು ಬೀಳದಂತೆ ಹಳೆಯ ಗಾರ್ಡ್‌ನ ಮೇಲೆ ಮೊಬೈಲ್‌ಗೆ ಹಾಕುವಂತಹ ಪಾರದರ್ಶಕ ಫಿಲ್ಮ್ ಅಂಟಿಸಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಹಳೆಯ ಗಾರ್ಡ್‌ಗೆ ಬೇಡ. ಅಂಟು ಕಾಲಕ್ರಮೇಣ ಗಟ್ಟಿಯಾಗಿ, ತೆಗೆಯುವಾಗ ಮೇಲಿನ ಹೊಳಪನ್ನೋ ಬಿರುಕು ಬಿಟ್ಟ ಚೂರನ್ನೋ ಜೊತೆಗೆ ಕಿತ್ತುಕೊಂಡು ಬರುತ್ತದೆ. ಅಂಟಿಲ್ಲದೆ ತಾನಾಗಿ ಕಚ್ಚಿಕೊಳ್ಳುವ ವಿನೈಲ್ ಫಿಲ್ಮ್‌ನಲ್ಲಿ ಅದನ್ನು ಮೆತ್ತಗಿಡುವ ರಾಸಾಯನಿಕ ಇರುತ್ತದೆ. ಅದು ಜಿನುಗಿ ನೈಟ್ರೋಸೆಲ್ಯುಲೋಸ್‌ಗೆ ಇಳಿಯುತ್ತದೆ. ಅಗ್ಗದ ಸ್ಟ್ಯಾಂಡ್‌ಗಳ ರಬ್ಬರ್ ತೋಳು ತಾಗಿದ ಕಡೆ ಹಳೆಯ ಗಿಟಾರ್‌ಗಳ ಲ್ಯಾಕರ್ (ಮರದ ಮೇಲಿನ ಹೊಳಪಿನ ಲೇಪ) ಕರಗಿ ಗುರುತು ಬೀಳುವುದಕ್ಕೂ ಕಾರಣ ಇಂತಹದೇ ರಾಸಾಯನಿಕ. ಸ್ಟ್ಯಾಂಡ್‌ನ ತೋಳುಗಳಿಗೆ ಹತ್ತಿ ಬಟ್ಟೆ ಸುತ್ತಿರಿ.

ಗೀರು ಎಲ್ಲಿ ಬೀಳುತ್ತಿದೆ ಎಂದು ಮೊದಲು ನೋಡಿ. ಅತ್ಯಂತ ತೆಳುವಾದ ಜಿ ತಂತಿಯ ಕೆಳಗೆ ಅರ್ಧಚಂದ್ರದಂತಹ ಸಣ್ಣ ಗುರುತುಗಳಿದ್ದರೆ, ತಂತಿಯನ್ನು ಕೆಳಗಿನಿಂದ ಎಳೆದು ಬಿಡುವಾಗ ತೋರುಬೆರಳಿನ ಉಗುರು ಗಾರ್ಡ್‌ಅನ್ನು ಕೆರೆಯುತ್ತಿದೆ ಎಂದರ್ಥ. ಉಗುರು ಕತ್ತರಿಸುವುದು ಒಂದು ಉಪಾಯ. ಬೆರಳನ್ನು ತಂತಿಯ ಕೆಳಗೆ ತುದಿಯಷ್ಟು ಮಾತ್ರ ತೂರಿಸುವುದು ಅದಕ್ಕಿಂತ ಒಳ್ಳೆಯ ಉಪಾಯ. ಗೆರೆಗಳು ಉದ್ದವಾಗಿ, ಒಂದಕ್ಕೊಂದು ಸಮಾನಾಂತರವಾಗಿದ್ದರೆ ಅದು ಪಿಕ್‌ನ ಕೆಲಸ. ಆಂಪ್ಲಿಫೈಯರ್‌ನ ದನಿಯನ್ನು ಸ್ವಲ್ಪ ಏರಿಸಿ ಕೈಯ ಬಲವನ್ನು ಇಳಿಸಿದರೆ ಪಿಕ್ ಗಾರ್ಡ್‌ವರೆಗೆ ಇಳಿಯುವುದೇ ಇಲ್ಲ, ನಾದವೂ ಹೆಚ್ಚು ತುಂಬಿಕೊಂಡು ಬರುತ್ತದೆ. ಬಲಗೈಯ ಉಂಗುರ, ಕಡಗ, ಗಡಿಯಾರಗಳನ್ನು ನುಡಿಸುವ ಮೊದಲು ತೆಗೆದಿಡಿ.

ರಾತ್ರಿ ಬಯಲಿನಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಡೀಟ್ ಇರುವ ಸೊಳ್ಳೆ ನಿರೋಧಕ ಮುಲಾಮು ಪ್ಲಾಸ್ಟಿಕ್‌ಅನ್ನೂ ಲ್ಯಾಕರ್‌ಅನ್ನೂ ಮೆತ್ತಗಾಗಿಸುತ್ತದೆ. ಮದ್ಯಸಾರವಿರುವ ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯೂ ಸೆಲ್ಯುಲಾಯ್ಡ್‌ಗೆ ಒಳ್ಳೆಯದಲ್ಲ. ಇಂತಹವನ್ನು ಹಚ್ಚಿಕೊಂಡಿದ್ದರೆ ಸೋಪಿನಿಂದ ಕೈ ತೊಳೆದು ಒರೆಸಿಕೊಂಡು ವಾದ್ಯ ಮುಟ್ಟಿರಿ. ನುಡಿಸಿದ ನಂತರ ಬೆವರನ್ನು ಒಣಗಿದ ಮೆತ್ತನೆ ಹತ್ತಿ ಬಟ್ಟೆಯಿಂದ, ಅಗತ್ಯವಿದ್ದರೆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪಿರಿಟ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರಾವಣ ಇವು ಯಾವುವೂ ಹತ್ತಿರ ಸುಳಿಯಬಾರದು. ಅಂತಹ ದ್ರಾವಣಗಳಲ್ಲಿರುವ ಅಸಿಟೋನ್ ಸೆಲ್ಯುಲಾಯ್ಡ್‌ಅನ್ನು ಕರಗಿಸಿಯೇ ಬಿಡುತ್ತದೆ.

ಪ್ರಶ್ನೆ: 1958ರ ಪ್ರಿಸಿಷನ್ ಬೇಸ್‌ನ ಚಿನ್ನದ ಬಣ್ಣದ ಲೋಹದ ಪಿಕ್‌ಗಾರ್ಡ್ ಬೆರಳು ತಾಗುವ ಕಡೆ ಬೆಳ್ಳಗಾಗುತ್ತಿದೆ. ಪಾಲಿಶ್ ಮಾಡಿಸಲೇ? (ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಕನ್ನಡಿಗರು)

ಉತ್ತರ: ಬೇಡ. ಆ ಬಣ್ಣ ಬಳಿದದ್ದೂ ಅಲ್ಲ, ಚಿನ್ನದ ಲೇಪವೂ ಅಲ್ಲ. ಅಲ್ಯೂಮಿನಿಯಂ ತಗಡನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಅದರ ಮೇಲ್ಮೈ ಗಟ್ಟಿಯಾದ ಆಕ್ಸೈಡ್ ಪದರವಾಗುತ್ತದೆ. ಆ ಪದರದ ಸೂಕ್ಷ್ಮ ರಂಧ್ರಗಳು ಬಣ್ಣವನ್ನು ಹೀರಿಕೊಂಡ ಮೇಲೆ ಅವನ್ನು ಮುಚ್ಚಲಾಗುತ್ತದೆ. ಇದನ್ನೇ ಆನೊಡೈಸಿಂಗ್ ಎನ್ನುವುದು. ಪದರ ಬಹಳ ತೆಳುವಾದ್ದರಿಂದ ಲೋಹದ ಪಾಲಿಶ್ ಉಜ್ಜಿದರೆ ಉಳಿದ ಬಣ್ಣವೂ ಹೋಗಿ ಬರಿಯ ಅಲ್ಯೂಮಿನಿಯಂ ಕಾಣುತ್ತದೆ. ಮನೆಯಲ್ಲಿ ಹಿತ್ತಾಳೆಗೆ ಬಳಸುವ ಹುಣಸೆಹುಳಿ, ನಿಂಬೆಹಣ್ಣು, ಸೋಡಾಪುಡಿಗಳನ್ನೂ ದೂರವಿಡಿ. ಹುಳಿಯೂ ಕ್ಷಾರವೂ ಆ ಪದರವನ್ನು ತಿನ್ನುತ್ತವೆ. ಈ ಗಾರ್ಡ್ ಕುಗ್ಗುವುದಿಲ್ಲ, ಬಿರುಕು ಬಿಡುವುದಿಲ್ಲ, ಹಾಗಾಗಿ ಬೆವರು ಒರೆಸುವುದು ಮತ್ತು ಬಾಗದಂತೆ ನೋಡಿಕೊಳ್ಳುವುದು ಇವೆರಡೇ ನಿಮ್ಮ ಕೆಲಸ. ಈಗಾಗಲೇ ಬೆಳ್ಳಗಾದ ಭಾಗ ಅಷ್ಟು ವರ್ಷ ನುಡಿಸಿದ ಕೈಗಳ ಗುರುತು, ಅದು ಹಾಗೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: 1970ರ ದಶಕದ ನನ್ನ ಪ್ರಿಸಿಷನ್ ಬೇಸ್‌ನಲ್ಲಿ ಮೂರು ಪದರದ ಪ್ಲಾಸ್ಟಿಕ್ ಗಾರ್ಡ್ ಇದೆ. ಜಾಕ್‌ನ ಸುತ್ತ ಬಿರುಕು ಬಂದಿದೆ, ನೆಕ್‌ನ ಬುಡದಲ್ಲಿ ಅಂಚು ಕಚ್ಚು ಕಚ್ಚಾಗಿದೆ. ಇದೂ ಕುಗ್ಗುವಿಕೆಯೇ? (ಮೈಸೂರಿನ ಓದುಗರು)

ಉತ್ತರ: ಅಲ್ಲ. ನಿಮ್ಮದು ವಿನೈಲ್. ಅದು ಸೆಲ್ಯುಲಾಯ್ಡ್‌ನಷ್ಟು ಕುಗ್ಗುವುದಿಲ್ಲ, ಆಮ್ಲವನ್ನೂ ಹೊಮ್ಮಿಸುವುದಿಲ್ಲ. ನೀವು ಹೇಳಿದ ಎರಡೂ ಹಾನಿಗಳು ಕೈಯಿಂದ ಆದವು.

ಜಾಕ್ ನೇರವಾಗಿ ಗಾರ್ಡ್‌ನಲ್ಲೇ ಕೂತಿರುವುದರಿಂದ, ಕೇಬಲ್ ತುಳಿದಾಗ ಅಥವಾ ಜಗ್ಗಿದಾಗ ಪ್ಲಗ್ ಸನ್ನೆಕೋಲಿನಂತೆ ಗಾರ್ಡ್‌ಅನ್ನು ಮೀಟುತ್ತದೆ. ಕೇಬಲ್‌ಅನ್ನು ಸ್ಟ್ರ್ಯಾಪ್‌ನ ಹಿಂದಿನಿಂದ ಒಮ್ಮೆ ಸುತ್ತಿ ತಂದು ಸಿಕ್ಕಿಸಿದರೆ ಜಗ್ಗುವ ಬಲ ಸ್ಟ್ರ್ಯಾಪ್ ಮೇಲೆ ಬೀಳುತ್ತದೆ. ತಲೆ ಅಡ್ಡಕ್ಕೆ ತಿರುಗಿರುವ ಪ್ಲಗ್ ಬಳಸಿದರೆ ಮೀಟುವ ಬಲ ಇನ್ನೂ ಕಡಿಮೆಯಾಗುತ್ತದೆ. ಪ್ಲಗ್ ಸಿಕ್ಕಿಸುವಾಗ ಮತ್ತು ತೆಗೆಯುವಾಗ ಇನ್ನೊಂದು ಕೈಯ ಎರಡು ಬೆರಳುಗಳಿಂದ ಜಾಕ್‌ನ ಸುತ್ತ ಗಾರ್ಡ್‌ಅನ್ನು ಒತ್ತಿ ಹಿಡಿಯಿರಿ. ಜಾಕ್‌ನ ನಟ್ ಸಡಿಲವಾದರೆ ಹೊರಗಿನಿಂದ ಮಾತ್ರ ತಿರುಗಿಸಬೇಡಿ, ಒಳಗೆ ಜಾಕ್ ಕೂಡ ತಿರುಗಿ ವೈರು ತುಂಡಾಗುತ್ತದೆ. ಗಾರ್ಡ್ ಬಿಚ್ಚಿ, ಒಳಗಿನಿಂದ ಜಾಕ್ ಹಿಡಿದುಕೊಂಡು, ನಟ್‌ನ ಕೆಳಗೆ ಅಗಲವಾದ ವಾಷರ್ ಇಟ್ಟು ಹದವಾಗಿ ಬಿಗಿ ಮಾಡಬೇಕು.

ನೆಕ್‌ನ ಬುಡದ ಕಚ್ಚುಗಳಿಗೆ ಕಾರಣ ಬೇರೆ. ನಿಮ್ಮ ಬೇಸ್‌ನಲ್ಲಿ ನೆಕ್‌ನ ಬಾಗನ್ನು ಸರಿಪಡಿಸುವ ಟ್ರಸ್ ರಾಡ್‌ನ ನಟ್ ಬಾಡಿಯ ಕಡೆಯ ತುದಿಯಲ್ಲಿ ಅಡಗಿರುತ್ತದೆ. ಅದನ್ನು ಸರಿಯಾಗಿ ತಲುಪಲು ತಂತಿ ಸಡಿಲಿಸಿ, ನೆಕ್‌ನ ಸ್ಕ್ರೂಗಳನ್ನು ತೆಗೆದು ನೆಕ್‌ಅನ್ನು ಎತ್ತಬೇಕು. ಆ ಶ್ರಮ ತಪ್ಪಿಸಲೆಂದು ಕೆಲವು ರಿಪೇರಿಯವರು ಗಾರ್ಡ್‌ನ ಅಂಚಿನ ಮೇಲೆಯೇ ಸ್ಕ್ರೂಡ್ರೈವರ್ ಊರಿ, ಓರೆಯಾಗಿ ತೂರಿಸಿ ತಿರುಗಿಸುತ್ತಾರೆ. ಪ್ರತಿ ಬಾರಿಯೂ ಅಂಚಿನ ಒಂದು ಚೂರು ಹೋಗುತ್ತದೆ. ಬೇಸ್ ಸೆಟಪ್‌ಗೆ (ತಂತಿ, ನೆಕ್ ಹದಗೊಳಿಸುವ ಕೆಲಸಕ್ಕೆ) ಕೊಡುವಾಗ ನೆಕ್ ಬಿಚ್ಚಿಯೇ ಮಾಡಬೇಕೆಂದು ಮೊದಲೇ ಹೇಳಿ, ಕೊಡುವ ಮುನ್ನ ಅಂಚಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಈಗಿರುವ ಬಿರುಕಿಗೆ ಸೂಪರ್‌ಗ್ಲೂ ಸುರಿಯುವುದು ಬೇಡ. ಅದರ ಹಬೆ ಸುತ್ತಲೂ ಬಿಳಿ ಮಂಜಿನಂತೆ ಕೂರುತ್ತದೆ, ಒಣಗಿದ ಮೇಲೆ ಪೆಡಸಾಗಿ ಜಾಕ್‌ನ ಅಲುಗಾಟಕ್ಕೆ ಮತ್ತೆ ಬಿಡುತ್ತದೆ. ಗಾರ್ಡ್‌ನ ಬೆನ್ನಿನಿಂದ, ಅದೇ ಜಾತಿಯ ಪ್ಲಾಸ್ಟಿಕ್‌ನ ಪಟ್ಟಿ ಕೊಟ್ಟು ಬೆಸೆಯಬಲ್ಲ ಅನುಭವಿ ಗಿಟಾರ್ ರಿಪೇರಿಯವರಿಗೆ ಒಪ್ಪಿಸಿರಿ.

ಪ್ರಶ್ನೆ: ಹಳೆಯ ಗಾರ್ಡ್ ತೆಗೆದು ಹೊಸದು ಹಾಕಿದರೆ ವಾದ್ಯದ ಬೆಲೆ ಇಳಿಯುತ್ತದೆಯೇ? (ಹಲವು ಓದುಗರು)

ಉತ್ತರ: ಮೂಲ ಗಾರ್ಡ್ ನಿಮ್ಮ ಬಳಿಯೇ ಇದ್ದು, ಹೊಸದನ್ನು ಕೂರಿಸಲು ಮರದಲ್ಲಿ ಒಂದೂ ಹೊಸ ತೂತು ಕೊರೆಯದಿದ್ದರೆ ಚಿಂತೆಯಿಲ್ಲ. ವೇದಿಕೆಯಲ್ಲಿ ನಿತ್ಯ ನುಡಿಸುವವರಿಗೆ ಇದೇ ಉತ್ತಮ ದಾರಿ ಎಂದು ನಾನು ಹೇಳುತ್ತೇನೆ. ಕೊಳ್ಳುವ ಮೊದಲು ನಿಮ್ಮ ಬಾಡಿಯ ತೂತುಗಳ ಗುರುತನ್ನು ಕಾಗದಕ್ಕೆ ಇಳಿಸಿಕೊಂಡು ಹೋಲಿಸಿ ನೋಡಿರಿ, ಒಂದೇ ಮಾದರಿಯಲ್ಲೂ ವರ್ಷದಿಂದ ವರ್ಷಕ್ಕೆ ತೂತುಗಳ ಜಾಗ ಬದಲಾಗಿರುತ್ತದೆ. ಕುಗ್ಗಿದ ಹಳೆಯ ಗಾರ್ಡ್‌ಅನ್ನೇ ಅಳತೆಯಾಗಿ ಕೊಟ್ಟು ಹೊಸದು ಮಾಡಿಸಿದರೆ ಹೊಸದೂ ಕೂರುವುದಿಲ್ಲ. ಬಿಚ್ಚಿದ ಮೂಲ ಗಾರ್ಡ್‌ಅನ್ನು ಆಮ್ಲರಹಿತ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಸಮತಟ್ಟಾಗಿ ಮಲಗಿಸಿ, ಮೇಲೆ ಭಾರ ಹೇರದೆ, ಅಡುಗೆಮನೆ ಮತ್ತು ದೇವರ ದೀಪದಿಂದ ದೂರ, ಮನೆಯ ತಂಪಾದ ಕಪಾಟಿನಲ್ಲಿ ಇಡಿ. ಡಬ್ಬಿಯ ಮೇಲೆ ವಾದ್ಯದ ಸೀರಿಯಲ್ ನಂಬರ್, ಬಿಚ್ಚಿದ ದಿನಾಂಕ ಮತ್ತು ಸ್ಕ್ರೂಗಳ ಸಂಖ್ಯೆಯನ್ನು ಬರೆದಿರಬೇಕು.